ಕಂಪ್ಯೂಟರಿನ ಮೈಲಿಗೆ

ಕಲ್ಲಡ್ಕ
ಆದಿತ್ಯವಾರ, ೧೩ ಆಗಸ್ಟ್ ೧೯೮೯

ಪ್ರೀತಿಯ ಅಣ್ಣಾ,

ಮಸ್ಕತ್ತಿನ ಸೆಕೆಯಲ್ಲಿ ನೀನು ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ಅಮ್ಮ ಕಟ್ಟಿಕೊಟ್ಟ ತೈಲವನ್ನು ಹಚ್ಚುತ್ತಿದ್ದೀಯೋ, ಇಲ್ಲಾ ಅದು ಇನ್ನೂ ಪೆಟ್ಟಿಗೆಯೊಳಗೇ ಮಲಗಿದೆಯೋ? ರೂಮಿನಲ್ಲಿ ಅಡುಗೆಯ ಸರದಿ ಯಾವಾಗಲೂ ನಿನ್ನ ತಲೆಗೇ ಬರುತ್ತದೆ ಎಂದು ಬರೆದಿದ್ದೆ. ಪಾಪ ಹುಡುಗ ಎಂದು ಅಮ್ಮ ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದಳು. ಇಲ್ಲಿ ಅಪ್ಪನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ಅಮ್ಮನ ಮೊಣಗಂಟು ಮಳೆಗಾಲಕ್ಕೆ ಸರಿಯಾಗಿ ಊದಿಕೊಂಡಿದೆ. ಕಪ್ಪು ದನ ಹೆಣ್ಣು ಕರು ಹಾಕಿದೆ. ಆರೋಗ್ಯ ಸರಿಯಿಲ್ಲದ್ದು ನೀನು ಕೊಡಿಸಿದ ಕಂಪ್ಯೂಟರಿಗೆ, ಮತ್ತು ಅದರಿಂದಾಗಿ ನನಗೆ.

ಹೋದ ವಾರ ಬಂದ ನಿನ್ನ ಕಾಗದವನ್ನು ಅಪ್ಪ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದರು. ‘ವಾಗ್ದೇವಿಗೆ ಆಗುವುದಿಲ್ಲ ಎಂದಾದರೆ ಚೌತಿ ಕಳೆದ ಮೇಲೆ ಕ್ಲಾಸನ್ನು ಮಹೇಶ್ವರನೇ ನೋಡಿಕೊಳ್ಳಲಿ’ ಎಂದು ಬರೆದಿದ್ದೀ. ಓದಿ ಮುಗಿಸಿ ಅಪ್ಪ ಕಾಗದವನ್ನು ನನ್ನ ಕಡೆಗೆ ಹಿಡಿದರು, ತೀರ್ಪಿನ ನಕಲು ಕೊಡುವವರ ಹಾಗೆ. ಆಗುವುದಿಲ್ಲ ಎಂದು ನಿನಗೆ ಹೇಳಿದವರು ಯಾರು? ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಮಂಗಳೂರಿಗೆ ಹೋಗಿ ಕಲಿತು ಬಂದವಳು ನಾನು. ದೊಡ್ಡಪ್ಪನ ಮಗ ಮಹೇಶ್ವರ ಕಲಿತದ್ದು ನನ್ನ ಬೆನ್ನ ಹಿಂದೆ ನಿಂತು, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು. ನನ್ನಲ್ಲಿ ಒಂದು ಮಾತು ಕೇಳಬೇಕೆಂದು ನಿನಗೆ ಕಾಣಲಿಲ್ಲವಲ್ಲ! ಸಿಟ್ಟು ನಿನ್ನ ಮೇಲೂ ಉಂಟು, ಮುಚ್ಚಿಡುವುದಿಲ್ಲ. ಇದು ಅಣ್ಣನಿಗೆ ಬರೆಯುವ ವಿಷಯವಲ್ಲ ಎಂದು ಅಮ್ಮ ಹೇಳಿಯಾಳು. ಊರಿಡೀ ಬಾಯಾಡಿಸಿದ ವಿಷಯವನ್ನು ಒಡಹುಟ್ಟಿದವನಿಗೆ ಬರೆಯುವುದಕ್ಕೆ ನನಗೆಂಥ ನಾಚಿಕೆ? ಸಾವಕಾಶವಾಗಿ ಕೂತು ಓದು.

ನೀನು ಜನವರಿಯಲ್ಲಿ ರಜೆಗೆ ಬಂದಾಗ ಕಂಪ್ಯೂಟರನ್ನು ಅಪ್ಪನ ಟೈಪಿಂಗ್ ಕ್ಲಾಸಿನ ರೂಮಿನಲ್ಲೇ, ರಸ್ತೆ ಬದಿಯ ಕಿಟಕಿಯ ಹತ್ತಿರ ಇಟ್ಟು ಹೋದೆಯಲ್ಲ. ಬೇಸಿಗೆ ಮುಗಿಯುವವರೆಗೆ ದೊಡ್ಡ ತೊಂದರೆ ಇರಲಿಲ್ಲ; ಅಪರೂಪಕ್ಕೆ ಒಂದು ಬೆಳಿಗ್ಗೆ ಮುನಿಸಿಕೊಂಡರೂ ಮಧ್ಯಾಹ್ನದ ಒಳಗೆ ಸರಿಯಾಗುತ್ತಿತ್ತು. ಮಳೆ ಹಿಡಿದ ಮೇಲೆ ಅದರ ಬಣ್ಣ ಬದಲಾಯಿತು. ಸ್ವಿಚ್ಚು ಹಾಕಿದರೆ ಒಳಗೆ ಫ್ಯಾನು ತಿರುಗುತ್ತದೆ, ಪರದೆಯಲ್ಲಿ ಹಸಿರು ಅಕ್ಷರ ಮೂಡುತ್ತದೆ, ಆಮೇಲೆ ‘ಪೀಂ’ ಎಂದು ಕಿರುಚಿ ಒಂದು ಸಂಖ್ಯೆ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಆರಿಸಿ ಪುನಃ ಹಾಕಿದರೂ ಅದೇ ಕಥೆ. ನಾಲ್ಕೈದು ದಿನ ಹೀಗೆ ಸತಾಯಿಸಿ, ಒಂದು ಬೆಳಿಗ್ಗೆ ಏನೂ ಆಗದವರ ಹಾಗೆ ಶುರುವಾಗುತ್ತದೆ. ಪೂರಾ ಕೆಟ್ಟು ಹೋದರೆ ಬಿಚ್ಚಿ ನೋಡಬಹುದು. ಒಮ್ಮೆ ಸರಿ, ಒಮ್ಮೆ ತಕರಾರು ಎಂದರೆ ಏನೆಂದು ಹುಡುಕುವುದು? ಫೀಸು ಕೊಟ್ಟು ಬಂದ ಝೈನಬ್, ಕಾಂತಿ, ಲೋಕಯ್ಯ ಎಲ್ಲ ನನ್ನ ಮುಖ ನೋಡಿಕೊಂಡು ಕೂರುತ್ತಿದ್ದರು. ನಾನು ಕರಿಹಲಗೆಯ ಮೇಲೆ ಕಂಪ್ಯೂಟರಿನ ಚಿತ್ರ ಬರೆದು ಪಾಠ ಮಾಡಿದ್ದೂ ಉಂಟು.

ನಾನೇನು ಕೈಕಟ್ಟಿ ಕೂರಲಿಲ್ಲ. ಹಿಂದಿನ ವಯರುಗಳನ್ನೆಲ್ಲ ಕಿತ್ತು ಪುನಃ ಸಿಕ್ಕಿಸಿದೆ. ಫ್ಲಾಪಿ ಬದಲಾಯಿಸಿದೆ. ಇರಚಲು ತಾಗುತ್ತದೋ ಎಂದು ಮೇಜನ್ನು ಕಿಟಕಿಯಿಂದ ಈಚೆಗೆ ಎಳೆದೆ, ಥಂಡಿ ಹಿಡಿಯಬಾರದೆಂದು ಪಕ್ಕದಲ್ಲಿ ಒಂದು ಬಲ್ಬು ಉರಿಸಿಟ್ಟೆ. ಮಂಗಳೂರಿನ ಅಂಗಡಿಗೆ ಫೋನು ಮಾಡಿ ಆ ಸಂಖ್ಯೆ ಹೇಳಿದ್ದಕ್ಕೆ, ಅದು ಕೀಬೋರ್ಡಿನದ್ದು ಎಂದರು. ಅಬ್ದುಲ್ ವಹಾಬ್ ಎಂಬ ರಿಪೇರಿಯವರು ಹೊಸ ಕೀಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದು ಬಂದರು. ಅವರು ಬಂದ ದಿನ ನಮ್ಮದು ಒಂದೇ ಸಲಕ್ಕೆ ಶುರು! ಹೊಸ ಕೀಬೋರ್ಡಿನಲ್ಲೂ ಶುರು, ಹಳೆಯದರಲ್ಲೂ ಶುರು. ‘ಲಾಯ್ಕ ಉಂಟಲ್ಲ ಅಕ್ಕಾ, ಇದಕ್ಕೆ ಎಂತ ಸಹ ಆಗಿಲ್ಲ. ನಿಮ್ಮ ಊರಿನ ವೋಲ್ಟೇಜು ಸರಿ ಇಲ್ಲ’ ಎಂದು ಒಂದು ಸ್ಟೆಬಿಲೈಸರ್ ತರಿಸಲು ಹೇಳಿಹೋದರು. ಅದೂ ಬಂತು. ಅದರ ಗುಂಯ್‌ಗುಡುವ ಸದ್ದು ಬಿಟ್ಟರೆ ಬೇರೆ ಪ್ರಯೋಜನ ಕಾಣಲಿಲ್ಲ.

ಆಗ ಮಹೇಶ್ವರ ಬಾಯಿ ಬಿಟ್ಟ. ನಿನಗೆ ಗೊತ್ತಲ್ಲ, ನಾನು ಹೊರಗೆ ಕೂತ ದಿನಗಳಲ್ಲಿ ಕ್ಲಾಸು ತೆರೆಯುವುದು ಅವನು. ಅಪ್ಪನ ಹತ್ತಿರ ಬಹಳ ವಿನಯದಿಂದ ಹೇಳಿದನಂತೆ: ‘ಅವಳು ಹೊರಗೆ ಇರುವಾಗ ನಾನು ಹಾಕಿದರೆ ಒಂದೇ ಸಲಕ್ಕೆ ಶುರುವಾಗ್ತದೆ ಚಿಕ್ಕಪ್ಪಾ. ಅವಳು ಮಿಂದು ಬಂದ ದಿನವೇ ತಕರಾರು. ನಾನೆಂತ ಹೇಳುವುದು, ನೀವೇ ನೋಡಿ.’ ಅಪ್ಪ ನೋಡಿದರು. ನೋಡಿದರೆ ನಿಜ! ನನಗೂ ಅಲ್ಲ ಎನ್ನಲಾಗಲಿಲ್ಲ, ಅದೇ ಹೊಟ್ಟೆ ಉರಿಯುವ ವಿಷಯ. ‘ನಾಲ್ಕನೇ ದಿನಕ್ಕೆ ಶುದ್ಧ ಅಂತ ಲೆಕ್ಕ ಇರುವುದು ಮನೆ ಕೆಲಸಕ್ಕೆ. ಇದು ವಿದ್ಯೆಯ ಜಾಗ, ಇಲ್ಲಿಗೆ ಐದು ದಿನ ಕಳೆಯಲಿ’ ಎಂದು ಅಪ್ಪ ಅಪ್ಪಣೆ ಕೊಟ್ಟರು. ಜೂನಿನಲ್ಲಿ ಐದು ದಿನ ಕಳೆದು ಹೋದೆ. ನಾನು ಕೂತ ಕೂಡಲೇ ‘ಪೀಂ’. ಹಾಗಾದರೆ ಐದೂ ಸಾಲದು ಎಂದು ಜುಲೈಯಲ್ಲಿ ಏಳಕ್ಕೆ ಏರಿಸಿದರು. ಹಿಂದಿನ ಚಾವಡಿಯಲ್ಲಿ ಚಾಪೆ ಹಾಕಿಕೊಂಡು, ಅಮ್ಮ ದೂರದಿಂದ ಸರಿಸಿದ ಬಟ್ಟಲಲ್ಲಿ ಉಣ್ಣುತ್ತಾ, ಎದುರಿನ ರೂಮಿನಲ್ಲಿ ಮಹೇಶ್ವರ ತಪ್ಪು ತಪ್ಪಾಗಿ ಹೇಳಿಕೊಡುವುದನ್ನು ಕೇಳುತ್ತಾ ವಾರವಿಡೀ ಕೂತೆ. ನನ್ನ ದಿನಗಳ ಲೆಕ್ಕವನ್ನು ಗಂಡಸರು ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಹಾಕುತ್ತಿದ್ದರು. ಥೂ! ಟೀಚರಿಗೆ ಏಳು ದಿನ ರಜೆ ಯಾಕೆಂದು ಕೇಳಿದ ಲೋಕಯ್ಯನಿಗೆ ಮಹೇಶ್ವರ ನಗುತ್ತಾ ಅದನ್ನೂ ಹೇಳಿದ್ದಾನೆ. ಆಮೇಲೆ ಲೋಕಯ್ಯ ಪಾಪ ನನ್ನ ಮುಖವನ್ನು ನೋಡುತ್ತಲೇ ಇಲ್ಲ.

ಆ ಚಾಪೆಯ ಮೇಲೆ ಕೂತಾಗಲೇ ನನಗೆ ಒಂದು ಸಂಶಯ ಹುಟ್ಟಿದ್ದು. ಮೆಷಿನು ನನ್ನ ದಿನಗಳನ್ನು ನೋಡಿ ಕೆಡುವುದಾದರೆ, ಐದನೆಯ ದಿನಕ್ಕೂ ಏಳನೆಯ ದಿನಕ್ಕೂ ಅದಕ್ಕೆ ವ್ಯತ್ಯಾಸ ಇರಬೇಡವೇ? ಇವರು ನನ್ನನ್ನು ಎಷ್ಟು ದಿನ ಹೊರಗೆ ಕೂರಿಸಿದರೂ ತೊಂದರೆ ನಾನು ಒಳಗೆ ಬಂದ ದಿನವೇ ಹೇಗೆ ಬರುತ್ತದೆ? ಮತ್ತೆ, ಝೈನಬ್ ಹೆಣ್ಣಲ್ಲವೇ, ಕಾಂತಿ ಹೆಣ್ಣಲ್ಲವೇ? ಅವರ ದಿನ ಯಾವುದೆಂದು ಯಾರಾದರೂ ಕೇಳಿ ಕೀಬೋರ್ಡು ಮುಟ್ಟಲು ಬಿಡುತ್ತಾರೆಯೇ? ಹಾಗಿದ್ದ ಮೇಲೆ ಕೆಡುವುದು ನನ್ನಿಂದಲ್ಲ, ನಾನು ಬರುವ ದಿನ ಆ ರೂಮಿನಲ್ಲಿ ಮತ್ತೇನೋ ನಡೆಯುತ್ತದೆ. ಏಳು ದಿನ ಕಳೆದ ಬೆಳಿಗ್ಗೆ ಮಿಂದು, ಕಾಫಿಯನ್ನೂ ಕುಡಿಯದೆ, ಮಕ್ಕಳು ಯಾರೂ ಬರುವ ಮೊದಲೇ ರೂಮಿಗೆ ಹೋದೆ. ಸ್ವಿಚ್ಚು ಹಾಕಲಿಲ್ಲ. ಕೀಬೋರ್ಡನ್ನು ಎತ್ತಿ ಮಗುಚಿ ಹಿಡಿದೆ. ಸಂದಿಯಿಂದ ಹಳದಿ ನೀರು ಅಂಗೈಗೆ ತೊಟ್ಟಿಕ್ಕಿತು. ಮೂಗಿಗೆ ಹಿಡಿದೆ.

ಗೋಮೂತ್ರ, ಅಣ್ಣಾ. ಆಗ ತಾನೇ ಹಿಡಿದ ಬಿಸಿ ಬಿಸಿ ಗೋಮೂತ್ರ!

ಸ್ಕ್ರೂ ಬಿಚ್ಚಿ ನೋಡಿದೆ. ಒಳಗಿನ ಹೊಲಸನ್ನು ಬರೆಯುವುದಕ್ಕೂ ಹೇಸಿಗೆ. ಕೀಲಿಗಳ ಅಡಿಯಲ್ಲಿ ಬಿಳಿ ಉಪ್ಪು ಹೆಪ್ಪುಗಟ್ಟಿ ಕೂತಿತ್ತು, ತಾಮ್ರದ ಗೆರೆಗಳು ಹಸಿರಾಗಿದ್ದವು, ಮಾವಿನ ಎಲೆಯ ಒಂದು ಚೂರು ಕೊಳೆತು ಅಂಟಿಕೊಂಡಿತ್ತು. ಆರು ತಿಂಗಳು ಇದರ ಮೇಲೆ ಬೆರಳಾಡಿಸಿ ಅದೇ ಕೈಯಲ್ಲಿ ಝೈನಬ್ ಕೊಟ್ಟ ಬಿಸ್ಕತ್ತು ತಿಂದಿದ್ದೇನೆ. ನಾನು ತಿರುಗಿ ಬರುವ ದಿನ ಅಪ್ಪ ಹೊಸ್ತಿಲಿಗೆ ಪ್ರೋಕ್ಷಣೆ ಮಾಡುವುದು ನನಗೆ ಗೊತ್ತಿತ್ತು, ಅದು ಹಿಂದಿನಿಂದಲೂ ಇದ್ದದ್ದೇ. ನಾನು ಕೂರುವ ಟೈಪ್‌ರೈಟರಿಗೂ ಹಾಕುತ್ತಿದ್ದರಂತೆ. ಅದು ಕಬ್ಬಿಣ, ಎಣ್ಣೆ ಬಿಟ್ಟರೆ ನಡೆಯುತ್ತದೆ, ಹಾಗಾಗಿ ಗೊತ್ತಾಗಲಿಲ್ಲ. ಅದೇ ಅಭ್ಯಾಸದಲ್ಲಿ ಕಂಪ್ಯೂಟರಿಗೂ ಮಾವಿನ ಎಲೆಯಲ್ಲಿ ಅದ್ದಿ ಅದ್ದಿ ಚಿಮುಕಿಸಿದ್ದಾರೆ. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಒಣಗುತ್ತಿತ್ತು, ಮಳೆಗಾಲದಲ್ಲಿ ಒಣಗಲು ದಿನಗಟ್ಟಲೆ ಬೇಕು. ನನ್ನ ಮೈಲಿಗೆ ಹೆಚ್ಚಾದ ಹಾಗೆ ಚೊಂಬಿನ ಪ್ರಮಾಣವೂ ಹೆಚ್ಚಾಗುತ್ತಾ ಹೋಗಿದೆ. ಪಾಪ, ಆ ದನದ್ದೇನೂ ತಪ್ಪಿಲ್ಲ.

ಬಿಚ್ಚಿದ ಕೀಬೋರ್ಡನ್ನು ತಟ್ಟೆಯಲ್ಲಿಟ್ಟು ಅಪ್ಪನ ಎದುರು ಹಿಡಿದೆ. ಅಪ್ಪ ಒಮ್ಮೆ ನೋಡಿ, ಕನ್ನಡಕ ತೆಗೆದು ಒರೆಸಿ, ‘ನಾನು ಹಾಕಿದ್ದರಿಂದ ಇಷ್ಟಾದರೂ ನಡೀತಾ ಉಂಟು. ಹಾಕದಿದ್ದರೆ ಎಂದೋ ಸುಟ್ಟು ಹೋಗ್ತಿತ್ತು’ ಎಂದರು. ನಿನ್ನ ಮೇಲಾಣೆ, ಇದೇ ಮಾತು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಪ್ಪನಾದರೂ ನಂಬಿ ಮಾಡಿದರು. ಮಹೇಶ್ವರ? ಅವನು ಅಲ್ಲೇ ಗೋಡೆಗೆ ಒರಗಿ ನಿಂತು, ‘ಅಪರೂಪಕ್ಕೆ ನಾನೂ ನೋಡಿದ್ದೆ, ದೊಡ್ಡವರಿಗೆ ಹೇಗೆ ಹೇಳುವುದು ಅಂತ ಸುಮ್ಮನಿದ್ದೆ’ ಎಂದ. ಗೊತ್ತಿತ್ತು ಅವನಿಗೆ! ಕೀಬೋರ್ಡಿನ ಮೇಲೆ ನೀರು ಬೀಳುವುದನ್ನು ನೋಡಿಕೊಂಡೇ ‘ಅವಳು ಬಂದ ದಿನವೇ ತಕರಾರು’ ಎಂದು ಹೇಳಿದ್ದಾನೆ. ಅಪ್ಪನ ಗೋಮೂತ್ರಕ್ಕಿಂತ ಅವನ ವಿನಯ ನನಗೆ ಹೆಚ್ಚು ಅಸಹ್ಯ. ಇಂಥವನ ಕೈಗೆ ಕ್ಲಾಸು ಕೊಡಲು ನೀನು ಮಸ್ಕತ್ತಿನಿಂದ ಒಪ್ಪಿಗೆ ಕಳಿಸಿದ್ದೀ.

ನಾನು ಸ್ಪಿರಿಟ್ ತರಿಸಿ ಒಂದೊಂದೇ ಕೀಲಿಯನ್ನು ಉಜ್ಜಿ, ಟೇಬಲ್ ಫ್ಯಾನಿನ ಎದುರು ಒಣಗಿಸಿ, ತಿರುಗಿ ಜೋಡಿಸಿದೆ. ಅಲ್ಲಿಂದ ಇವತ್ತಿನವರೆಗೆ ಒಂದು ದಿನವೂ ತಪ್ಪದೆ ಶುರುವಾಗುತ್ತಿದೆ. ಆದರೂ ಅಪ್ಪನ ಲೆಕ್ಕದಲ್ಲಿ ಚೌತಿ ಕಳೆದ ಮೇಲೆ ನಾನು ಆ ರೂಮಿಗೆ ಕಾಲಿಡುವ ಹಾಗಿಲ್ಲ. ನಿನ್ನ ಕಾಗದ ಬಂದ ಮೇಲಂತೂ ಮಾತು ಮುಗಿಯಿತು ಎನ್ನುತ್ತಾರೆ. ಅಮ್ಮ ‘ಹೊಂದಿಕೊಂಡು ಹೋಗು ಮಗಾ’ ಎಂಬ ಒಂದೇ ಮಾತನ್ನು ಬೆಳಿಗ್ಗೆಯೂ ಸಂಜೆಯೂ ಹೇಳುತ್ತಾಳೆ. ಈ ಕ್ಲಾಸು ಬಿಟ್ಟರೆ ನನಗೆ ಈ ಮನೆಯಲ್ಲಿ ಏನು ಉಳಿಯುತ್ತದೆ? ಜಾತಕ ಹಿಡಿದು ಬರುವವರಿಗೆ ಉಪ್ಪಿಟ್ಟು ಮಾಡಿಕೊಡುವ ಕೆಲಸ. ನೀನು ಒಂದೇ ಒಂದು ಸಾಲು ಬರೆದರೆ ಸಾಕು: ಮೆಷಿನು ವಾಗ್ದೇವಿಗೆಂದು ಕೊಡಿಸಿದ್ದು, ಅವಳೇ ನಡೆಸುವುದು ಎಂದು. ಅಪ್ಪ ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾರೆ. ಅದೂ ಒಂದು ಹೇಸಿಗೆಯ ವಿಷಯವೇ, ಆದರೆ ಈಗ ಅದಕ್ಕೆಲ್ಲ ಹೊತ್ತಿಲ್ಲ.

ಸಿಟ್ಟಿನಲ್ಲಿ ಏನಾದರೂ ಹೆಚ್ಚು ಬರೆದಿದ್ದರೆ ತಂಗಿ ಎಂದು ಸಹಿಸಿಕೋ. ತೈಲ ಹಚ್ಚು, ಬಿಸಿಲಿಗೆ ತಲೆಗೆ ಬಟ್ಟೆಯಿಲ್ಲದೆ ಓಡಾಡಬೇಡ. ಪೊಳಲಿಯ ಅಮ್ಮನವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಅಮ್ಮನ ಆಶೀರ್ವಾದವನ್ನು ಅವಳು ಹೇಳಿದಷ್ಟೂ ಬರೆದರೆ ಕವರಿನ ತೂಕ ಹೆಚ್ಚಾದೀತು, ಎಲ್ಲ ಬಂತೆಂದು ತಿಳಿದುಕೋ.

ನಿನ್ನ ತಂಗಿ,
ವಾಗ್ದೇವಿ

ವಿ.ಸೂ.: ಸೋಮವಾರ ಮಧ್ಯಾಹ್ನ. ಕವರು ಅಂಟಿಸುವ ಮೊದಲು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಮುಟ್ಟಾದೆ. ಚಾವಡಿಗೆ ಹೋಗಲಿಲ್ಲ, ಮಿಂದು ನೇರ ಕ್ಲಾಸಿಗೆ ಹೋಗಿ ಕೂತೆ. ಮಕ್ಕಳೆಲ್ಲ ಬಂದಾಗಿತ್ತು. ಅಮ್ಮನ ಮುಖ ನೋಡಿ ಅಪ್ಪನಿಗೆ ಗೊತ್ತಾಗಿರಬೇಕು, ಚೊಂಬು ಹಿಡಿದುಕೊಂಡೇ ಬಂದರು. ನಾನು ಎದ್ದು ಮೆಷಿನಿಗೆ ಅಡ್ಡ ನಿಂತು, ‘ಅಪ್ಪಾ, ಹಾಕಲೇಬೇಕಾದರೆ ನನ್ನ ತಲೆಗೆ ಹಾಕಿ, ಇದಕ್ಕೆ ಬೇಡ’ ಎಂದೆ. ಹಾಕಲಾರರು ಎಂದು ನಾನು ಎಣಿಸಿದ್ದೆ. ಹಾಕಿದರು ಅಣ್ಣಾ. ಝೈನಬ್, ಕಾಂತಿ, ಲೋಕಯ್ಯ ನೋಡುತ್ತಿದ್ದ ಹಾಗೆಯೇ ಚೊಂಬಿನಲ್ಲಿದ್ದಷ್ಟೂ ಸುರಿದರು. ತೊಟ್ಟಿಕ್ಕುವ ಜಡೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಸ್ವಿಚ್ಚು ಹಾಕಿದೆ. ಒಂದೇ ಸಲಕ್ಕೆ ಶುರುವಾಯಿತು. ಯಾರೂ ಎದ್ದು ಹೋಗಲಿಲ್ಲ, ಪಾಠ ಮುಂದುವರಿಸಿದೆ. ಅರ್ಧ ಪಾಠದಲ್ಲಿ ಅಮ್ಮ ಬೈರಾಸು ಹಿಡಿದುಕೊಂಡು ಕ್ಲಾಸಿನೊಳಗೆ ಬಂದಳು. ಎಲ್ಲರ ಎದುರು ನನ್ನ ತಲೆ ಒರೆಸಿದಳು, ಮುಖ ಒರೆಸಿದಳು. ಆಮೇಲೆ ಅಪ್ಪನ ಕಡೆಗೆ ತಿರುಗಿ, ‘ನಾನೂ ಮುಟ್ಟಿದೆ, ಇನ್ನು ಅಡುಗೆ ಮನೆಗೆ ನೀವೇ ಹೋಗಿ’ ಎಂದಳು. ಈಗ ನಾನೂ ಅಮ್ಮನೂ ಚಾವಡಿಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಝೈನಬಳ ಮನೆಯಿಂದ ಬಂದ ಬಾಳೆಹಣ್ಣು ತಿನ್ನುತ್ತಿದ್ದೇವೆ. ಒಳಗೆ ಅಪ್ಪ ಒಲೆ ಊದುವ ಸದ್ದು ಕೇಳುತ್ತಿದೆ, ಅನ್ನ ಇನ್ನೂ ಆಗಿಲ್ಲ.