ಕಲಂ ಒಂಬತ್ತು ಮತ್ತು ನಮ್ಮ ನಡುಮನೆಯ ಡೇರೆ

ಸ್ಕೌಟ್ ಶಿಬಿರ ವಿಭಾಗದ ಮುಖ್ಯಸ್ಥರೇ,

ಹೊಸ ಕುಟುಂಬಗಳಿಗೆ ಶಿಬಿರ ಜೀವನವನ್ನು ಪರಿಚಯಿಸಲೆಂದೇ ತಾವು ಏರ್ಪಡಿಸಿರುವ ಶಿಬಿರಕ್ಕೆ, ನಮ್ಮದು ಹೊಸ ಕುಟುಂಬ ಎಂಬ ಕಾರಣಕ್ಕೆ ತಮ್ಮ ಕಚೇರಿ ಪ್ರವೇಶ ನಿರಾಕರಿಸಿದೆ. ಈ ವಾಕ್ಯವನ್ನು ನಾಲ್ಕು ಸಲ ಓದಿ ನೋಡಿದೆ. ತಪ್ಪು ವಾಕ್ಯದಲ್ಲಿಲ್ಲ.

ಅರ್ಜಿಯ ಒಂಬತ್ತನೇ ಕಲಂ ‘ಕುಟುಂಬದ ಹಿಂದಿನ ಶಿಬಿರಾನುಭವ’ವನ್ನು ಕೇಳುತ್ತದೆ. ಕಾಲೇಜು ಮೆಟ್ಟಿಲು ಹತ್ತಿದವಳು, ಕಲಂ ಖಾಲಿ ಬಿಡಬಾರದೆಂದು ಬಲ್ಲೆ. ‘ಇಲ್ಲ’ ಎಂದು ದುಂಡಗೆ ಬರೆದೆ. ತಮ್ಮ ಗುಮಾಸ್ತರು ಅದಕ್ಕೊಂದು ಕೆಂಪು ಸುತ್ತು ಹಾಕಿ ಕನಿಕರದಿಂದಲೇ ಹೇಳಿದರು: “ಒಂದು ಕ್ಯಾಂಪಿಗಾದ್ರೂ ಹೋಗಿರ್ಬೇಕಮ್ಮ.”

“ಇದೇ ಮೊದಲ್ನೇದು ಸರ್.”

“ಹಾಗಾದ್ರೆ ಮೊದಲ್ನೇದು ಮುಗಿಸ್ಕೊಂಡು ಬನ್ನಿ.”

ನಿಜ ಹೇಳಬೇಕೆಂದರೆ, ಮೆಟ್ಟಿಲಿಳಿಯುವಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಮಗಳಿಗೆ ಏಳು ವರ್ಷ. ಆ ಏಳು ವರ್ಷದಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ. ಅವಳು ಕೆಮ್ಮಿದರೆ ಎದ್ದು ಕೂರುತ್ತೇನೆ, ಕೆಮ್ಮದಿದ್ದರೆ ಯಾಕೆ ಸದ್ದಿಲ್ಲವೆಂದು ಎದ್ದು ಕೂರುತ್ತೇನೆ. ಇಂಥವಳು ಹುಲ್ಲಿನ ಮೇಲೆ, ಬಟ್ಟೆಯ ಗೋಡೆಯೊಳಗೆ ಮಗುವನ್ನು ಮಲಗಿಸುವುದುಂಟೇ? ಆದರೆ ಮನೆಗೆ ಬಂದ ಮೇಲೆ ಮಗಳು ಕೇಳಿದಳು: “ನಮ್ಗೆ ಬರಲ್ಲ ಅಂತ ಬೇಡ ಅಂದ್ರಾ? ಬರದೇ ಇರೋರಿಗೆ ಕಲಿಸೋಕಲ್ವಾ ಅವ್ರಿರೋದು?” ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ತಮ್ಮ ಬಳಿ ಉತ್ತರವಿದೆಯೇ?

ಭಾನುವಾರ ಮಧ್ಯಾಹ್ನ ನನ್ನ ತಮ್ಮನಿಂದ ಡೇರೆಯೊಂದನ್ನು ಕಡ ತಂದು ನಡುಮನೆಯಲ್ಲೇ ಎಬ್ಬಿಸಿದೆವು. ನೆಲಕ್ಕೆ ಟೈಲ್ಸ್, ಗೂಟ ಹೊಡೆಯುವುದೆಲ್ಲಿ? ಒಂದು ಹಗ್ಗವನ್ನು ಸೋಫಾದ ಕಾಲಿಗೆ, ಒಂದನ್ನು ಕಿಟಕಿಯ ಸರಳಿಗೆ, ಒಂದನ್ನು ಫ್ರಿಜ್ಜಿನ ಹಿಡಿಗೆ ಕಟ್ಟಿದ ಮಗಳು, ನಾಲ್ಕನೆಯದನ್ನು ನಮ್ಮತ್ತೆಯ ಕುರ್ಚಿಗೆ ಕಟ್ಟಿದಳು. ಅತ್ತೆ ಕುರ್ಚಿಯಲ್ಲೇ ಇದ್ದರು.

“ನಾನೆದ್ರೆ ಡೇರೆ ಬೀಳುತ್ತಾ?” ಎಂದು ಅತ್ತೆ ಕೇಳಿದರು.

“ಬೀಳುತ್ತೆ ಅಜ್ಜಿ.”

“ಹಾಗಿದ್ರೆ ನಾನಂತೂ ಏಳಲ್ಲ. ಕಾಫಿ ಇಲ್ಲಿಗೇ ಬರ್ಲಿ. ನೋಡಮ್ಮ, ಈ ಮನೇಲಿ ಗೂಟಕ್ಕಿರೋ ಬೆಲೆ ಅತ್ತೆಗೆ ಯಾವತ್ತೂ ಇರ್ಲಿಲ್ಲ.”

“ಫ್ರಿಜ್ ತೆಗೀಬೇಕಾದ್ರೆ ಯಾರ ಪರ್ಮಿಷನ್ ತಗೋಬೇಕು?” ಎಂದರು ನಮ್ಮವರು, ಹಾಲು ಬೇಕಾಗಿದ್ದವರು.

ಒಳಗೆ ಗಾಳಿಯಾಡುತ್ತದೆಯೇ ಎಂದು ಪರೀಕ್ಷಿಸಲು ನಾನು ಒಳಹೊಕ್ಕೆ. ಒಂದು ನಿಮಿಷ ನೆಲಕ್ಕೆ ತಲೆಯಿಟ್ಟಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಮೂರು ಗಂಟೆ ಕಳೆದಿತ್ತು. ಡೇರೆಯ ಬಾಗಿಲಲ್ಲಿ ಮಗಳು ಚಕ್ಕಳಮಕ್ಕಳ ಹಾಕಿ ಕಾವಲು ಕೂತಿದ್ದಳು, ಅಪ್ಪನನ್ನು ತಡೆದು ಪಿಸುಗುಡುತ್ತಿದ್ದಳು: “ಮೆತ್ತಗೆ ಮಾತಾಡಿ. ಅಮ್ಮ ಕ್ಯಾಂಪಲ್ಲಿದಾಳೆ.” ಅತ್ತೆ ಕುರ್ಚಿ ಬಿಟ್ಟು ಕದಲಿರಲಿಲ್ಲ.

ಮಾನ್ಯರೇ, ಏಳು ವರ್ಷ ನಾನು ಅವಳನ್ನು ಕಾದೆ. ಅವಳು ನನ್ನನ್ನು ಕಾಯಬಲ್ಲಳೆಂದು ಗೊತ್ತಾಗಲು ಒಂದು ಡೇರೆ ಬೇಕಾಯಿತು. ತಾವು ಕೆಂಪು ಸುತ್ತು ಹಾಕಿ ಹಿಂದೆ ಕಳಿಸುತ್ತಿರುವುದು ಇಂಥ ಪುಕ್ಕಲು ತಾಯಂದಿರನ್ನೇ. ಗಂಟು ಹಾಕಲು, ಒಲೆ ಹೂಡಲು ಈಗಾಗಲೇ ಬಲ್ಲವರನ್ನು ಕೂರಿಸಿಕೊಂಡು ತಾವು ಪರಿಚಯಿಸುವುದಾದರೂ ಏನನ್ನು? ತಮ್ಮನ್ನೇ?

ಆದ್ದರಿಂದ ಕಲಂ ಒಂಬತ್ತನ್ನು ಅರ್ಜಿಯಿಂದ ಕಿತ್ತುಹಾಕಿ. ಅದಕ್ಕೆ ಸಮಿತಿ, ಸಭೆ ಎಂದೆಲ್ಲ ತಡವಾಗುವುದಾದರೆ, ಶುಕ್ರವಾರದ ಗಡುವಿನೊಳಗೆ ನಾನು ಮತ್ತೆ ತುಂಬಿ ಕಳಿಸುತ್ತಿರುವ ಅರ್ಜಿಯನ್ನು ಸ್ವೀಕರಿಸಿ. ಹಿಂದಿನ ಶಿಬಿರಾನುಭವ: ಒಂದು. ಸ್ಥಳ: ನಡುಮನೆ. ಅವಧಿ: ಮೂರು ಗಂಟೆ. ದೃಢೀಕರಿಸಿದವರು: ನಾಲ್ಕನೇ ಗೂಟ, ಅತ್ತೆಯವರ ಸಹಿ ಇದೆ.

ಮಗಳು ಹಗ್ಗಗಳನ್ನು ಸುತ್ತಿ ಚೀಲಕ್ಕೆ ಹಾಕಿಟ್ಟಿದ್ದಾಳೆ. ಮೇಲೆ ನನ್ನ ದಿಂಬನ್ನೂ ಇಟ್ಟಿದ್ದಾಳೆ.

ಇಂತಿ,
ತಮ್ಮ ಕೆಂಪು ಸುತ್ತಿನೊಳಗೆ ಇನ್ನೂ ಎಚ್ಚರವಾಗಿಯೇ ಇರುವ
ಒಬ್ಬ ತಾಯಿ