ಬಲಮೂಲೆಯ ನೇರಳೆ ಕಲೆ

ಸೋಮವಾರ, ಸಂಜೆ
ಮತ್ತೆ ಅದೇ. ಪರದೆಯ ನಡುವೆ ಒಂದೇ ಒಂದು ಬಿಳಿ ಅಡ್ಡಗೆರೆ, ಉಳಿದದ್ದೆಲ್ಲ ಕಗ್ಗತ್ತಲು. ಅಪ್ಪನ ಡಿಟಿಪಿ ಅಂಗಡಿಯ ಹಳೇ ಡಬ್ಬಾ ಮಾನಿಟರ್, ಹಾಸ್ಟೆಲ್ ರೂಮಿನ ಅರ್ಧ ಟೇಬಲ್ ನುಂಗಿ ಕೂತಿದೆ. ಅಪ್ಪ ಫೋನಿನಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ: "ಅದು ಸತ್ತಿದೆ ಕಣೇ. ಬದುಕಿಸಿದ್ರೆ ಎಲೆಕ್ಟ್ರಾನಿಕ್ಸೇ ಓದು. ಇಲ್ದಿದ್ರೆ ಭಾನುವಾರ ಬಂದು ಬ್ರಾಂಚ್ ಬದಲಾಯಿಸ್ತೀನಿ. ಕೈ ನಡುಗೋರಿಗಲ್ಲ ಈ ಕೆಲಸ."
ನಡುಗುತ್ತೆ. ಸೋ ವಾಟ್?

ಬುಧವಾರ
ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬ್ ಶಾಕ್ ಹೊಡೆಯುತ್ತದೆ. ತಂತಿ ಕಟ್ಟಿದ ಸ್ಕ್ರೂಡ್ರೈವರಿನಿಂದ ಚಾರ್ಜ್ ಇಳಿಸಿದೆ. ಟಪ್! ರೂಮ್‌ಮೇಟ್ ಎದ್ದು ಕೂತಳು. ಗೊರಕೆ ಅಂತಲೇ ಅವಳ ಹೆಸರು.
"ಸತ್ತ್ಯಾ?"
"ಇಲ್ಲ."
"ಹಾಗಾದ್ರೆ ಲೈಟ್ ಆರಿಸು."
ಸ್ಕ್ರೂಗಳು ಕಳೆದಾವೆಂಬ ಭಯ. ಹಳೇ ಸ್ಪೀಕರಿನ ಮ್ಯಾಗ್ನೆಟ್‌ಗೆ ಅಂಟಿಸಿ ಪಕ್ಕದಲ್ಲೇ ಇಟ್ಟೆ. ಚಿತ್ರವನ್ನು ಮೇಲಕ್ಕೂ ಕೆಳಕ್ಕೂ ಹಿಗ್ಗಿಸುವ ಐಸಿ ಬದಲಿಸಿದೆ. ಗೆರೆ ಅಲ್ಲೇ. ನಾಯಿ ಬಾಲವಾದರೂ ಡೊಂಕು, ಇದು ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗೆ!

ಶುಕ್ರವಾರ
ಸಿಟ್ಟು ನೆತ್ತಿಗೇರಿ ಡಬ್ಬಕ್ಕೊಂದು ಏಟು ಕೊಟ್ಟೆ. ಚಿತ್ರ ಪೂರ್ತಿ ತೆರೆದು ಮತ್ತೆ ಮುಚ್ಚಿಕೊಂಡಿತು! ಹಾಗಾದರೆ ಐಸಿ ಅಲ್ಲ... ಎಲ್ಲೋ ಬೆಸುಗೆ ಬಿಟ್ಟಿದೆ. ಎಡಗೈ ಜೇಬಿನಲ್ಲಿ — ಎರಡೂ ಕೈ ಒಳಗಿಟ್ಟರೆ ಶಾಕ್ ಎದೆ ಹಾಯುತ್ತೆ — ಬಲಗೈಯಲ್ಲಿ ಪ್ಲಾಸ್ಟಿಕ್ ಪೆನ್ನು. ಆನ್ ಇಟ್ಟೇ ಬೆಸುಗೆಗಳನ್ನು ಒಂದೊಂದೇ ಕುಟ್ಟುತ್ತಾ ಹೋದೆ. ಕನೆಕ್ಟರಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಆಫ್ ಮಾಡಿ ಬೆಸೆದೆ. ಫುಲ್ ಪಿಕ್ಚರ್!!

ಶನಿವಾರ
ಬಲಮೂಲೆಯಲ್ಲಿ ನೇರಳೆ ಕಲೆ. ಅಂಗೈ ಅಗಲ. ನಿನ್ನೆ ಖುಷಿಯಲ್ಲಿ ಕಣ್ಣಿಗೇ ಬಿದ್ದಿರಲಿಲ್ಲ. ಆ ಏಟಿಗೆ ಟ್ಯೂಬಿನೊಳಗಿನ ಜಾಲರಿ ಸರಿದಿದ್ದರೆ ಮುಗಿಯಿತು, ಅದಕ್ಕೆ ಮದ್ದಿಲ್ಲ. ಸರಿ ಮಾಡಿದ್ದೂ ನಾನೇ, ಕೆಡಿಸಿದ್ದೂ ನಾನೇ.

ಭಾನುವಾರ
ಅಪ್ಪ ಕೆಳಗೆ ವಿಸಿಟರ್ಸ್ ರೂಮಿನಲ್ಲಿ ಕೂತಾಗಿತ್ತು. ಹೊತ್ತೊಯ್ಯಲು ಹಿಂಬದಿಯ ಕವರ್ ಮುಚ್ಚಬೇಕು.
"ಸ್ಕ್ರೂ ಎಲ್ಲೇ?" ಅಂದಳು ಗೊರಕೆ.
"ಮ್ಯಾಗ್ನೆಟ್‌ನಲ್ಲಿ."
"ಮ್ಯಾಗ್ನೆಟ್ ಎಲ್ಲಿ?"
"ಮಾನಿಟರ್ ಪಕ್ಕ, ಬಲಗಡೆ—" ತಿರುಗಿ ನೋಡಿದೆ. ಸರಿಯಾಗಿ ಆ ಮೂಲೆಗೇ ಒತ್ತಿಕೊಂಡು ಬಣ್ಣ ಕೆಡಿಸಿದೆ, ಕಳ್ಳ ನನ್ನ ಮಗಂದು!
ತೆಗೆದೆ. ಉರಿಯುತ್ತಿದ್ದ ಪರದೆಯಲ್ಲಿ ಕಲೆ ಮಸುಕಾಯಿತು, ಹೋಗಲಿಲ್ಲ. ತಣ್ಣಗಾದ ಮೇಲೆ ಆನ್ ಮಾಡಿದರೆ ಪರದೆಗೆ ಅಂಟಿದ ಕಾಂತಶಕ್ತಿಯನ್ನು ಒಳಗಿನ ಕಾಯಿಲ್ ತಾನೇ ಒರೆಸಬೇಕು. ಒರೆಸೀತು.
ಈಗ ಕೆಳಗಿದ್ದೇವೆ.
"ಹಾಕೇ, ನೋಡೋಣ," ಅಂದರು ಅಪ್ಪ.
"ಸ್ವಲ್ಪ ತಣ್ಣಗಾಗ್ಲಿ ಅಪ್ಪಾ."
"ನೆಪ ತೆಗೀತಿದ್ದೀಯಾ?"
ಹೇಳಿದೆ. ಬಿರುಕು, ಮ್ಯಾಗ್ನೆಟ್, ನನ್ನ ಪೆದ್ದುತನ, ಎಲ್ಲವನ್ನೂ. ಹೊತ್ತು ಹೋಗಲಿ ಅಂತ ಇದನ್ನು ಗೀಚುತ್ತಿದ್ದೇನೆ. ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದಾರೆ. ನಡುಗುತ್ತಿದೆ, ನೋಡಲಿ.
ಎದ್ದರು. ಬೆರಳು ಸ್ವಿಚ್ಚಿನ ಹತ್ತಿರ. "ನಾನು ಹಾಕ್ಲಾ?"
ಬೇಡ. ನಾನೇ—