ಕಮಲತ್ತಿಗೆಯ ರಿಪೋರ್ಟು

ಜೂನ್ 10, ಸೋಮವಾರ

ಏಳಕ್ಕೆ ಲ್ಯಾಬಿನ ಬಾಗಿಲು ತೆಗೆಯುವಾಗಲೇ ಹನ್ನೊಂದು ಜನ. ಎಲ್ಲರದ್ದೂ ಖಾಲಿ ಹೊಟ್ಟೆ, ಎಲ್ಲರಿಗೂ ಸಿಟ್ಟು. ಉದ್ಯಾವರದ ಅಜ್ಜನೊಬ್ಬರ ನರ ಸಿಗಲಿಲ್ಲ. ಎರಡು ಸಲ ಚುಚ್ಚಿ ಬೈಸಿಕೊಂಡೆ. ನಂತರದ್ದು ನಮ್ಮ ಕಮಲತ್ತಿಗೆಯ ರಕ್ತ. ನನ್ನಣ್ಣ ಕಿಟ್ಟಣ್ಣನ ಹೆಂಡತಿ ಎಂದು ಮೆಷಿನ್ನಿಗೆ ದಾಕ್ಷಿಣ್ಯ ಇಲ್ಲ, ಸಾಲಿನಲ್ಲಿ ಬಂದಾಗಲೇ ಬಂತು.

ಟಿಎಸ್‌ಎಚ್ 0.08. ಜನವರಿಯಲ್ಲಿ 18.6 ಇತ್ತು, ಮಾತ್ರೆ ಶುರುವಾದ ಮೇಲೆ ಮಾರ್ಚಿನಲ್ಲಿ 4.1, ಸರಿಯಾಗಿತ್ತು. ಈಗ ತೀರಾ ಕೆಳಗೆ. ಥೈರಾಯ್ಡ್ ಹಾರ್ಮೋನು ಟಿ-ಫೋರ್ ಮೇಲೆ.

ಮಧ್ಯಾಹ್ನ ರಜೆ ಹಾಕಿ ಉಡುಪಿಗೆ ಕರೆದುಕೊಂಡು ಹೋದೆ. ಥೈರಾಯ್ಡ್ ಮಾತ್ರೆ ಜಾಸ್ತಿಯಾಗಿದೆ ಎಂದರು ಡಾಕ್ಟರ್. 75 ಮೈಕ್ರೋಗ್ರಾಂ ಇದ್ದದ್ದು 50 ಆಯಿತು. ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಅತ್ತಿಗೆ ಬಾಯಿ ತೆಗೆಯುವುದರೊಳಗೆ ನಾನೇ ಇಲ್ಲ ಎಂದೆ. ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು.

ಅಮ್ಮನಿಗೆ ಮತ್ತೆ ಪಾಠ. ಟಿಎಸ್‌ಎಚ್ ಅಂದರೆ ಕೆಲಸ ಮಾಡು ಎಂದು ತಲೆ ಥೈರಾಯ್ಡಿಗೆ ಕೊಡುವ ತಾಕೀತು. ಥೈರಾಯ್ಡ್ ಸೋತರೆ ತಾಕೀತು ಏರುತ್ತದೆ. ಹಾರ್ಮೋನು ಹೆಚ್ಚಾದರೆ ತಾಕೀತು ಇಳಿಯುತ್ತದೆ. ಅಮ್ಮ ಎಲ್ಲ ಕೇಳಿ, "ಹಾಗಾದ್ರೆ ಅವಳಿಗೆ ಈಗ ಶಕ್ತಿ ಹೆಚ್ಚಾದದ್ದಾ?" ಎಂದರು. ಹಾಗೇ ಎಂದುಕೊಳ್ಳಿ ಎಂದೆ.

ಜೂನ್ 30, ಭಾನುವಾರ

ಅತ್ತಿಗೆಯ ಜಡೆ ಬೆರಳಿನಷ್ಟಾಗಿದೆ. ಊರಿಗೆಲ್ಲ ಮಲ್ಲಿಗೆ ಕಟ್ಟುವವರು, ತಮ್ಮ ತಲೆಯಲ್ಲಿ ಹೂ ನಿಲ್ಲುವುದಿಲ್ಲ ಎಂದು ನಗುತ್ತಾರೆ. ನನ್ನ ತಮ್ಮ ಪ್ರವೀಣ ಏಪ್ರಿಲಿನಲ್ಲಿ ದುಬೈಯಿಂದ ಬಂದಾಗ ನನಗೆಂದು ತಂದ ಕೂದಲಿನ ವಿಟಮಿನ್ ಮೂರು ಬಾಟಲಿ ಇತ್ತು. ಅಕ್ಕನ ತಲೆ ಬೋಳಾಗುತ್ತದೆಂದು ತಮ್ಮನಿಗೆ ಭಯ. ಮೂರನ್ನೂ ಆಗಲೇ ಅತ್ತಿಗೆಗೆ ಕೊಟ್ಟಿದ್ದೆ. ಇವತ್ತು ಎರಡನೆಯದು ಒಡೆದರು. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು, ತಪ್ಪಿಸುವುದಿಲ್ಲ. ನಾನು ಕೊಟ್ಟದ್ದೆಂದು ಅಷ್ಟು ಶ್ರದ್ಧೆ.

ಆಗಸ್ಟ್ 12, ಸೋಮವಾರ

ಟಿಎಸ್‌ಎಚ್ 0.05. ಡಾಕ್ಟರ್ ಮಾತ್ರೆಯನ್ನು 25ಕ್ಕೆ ಇಳಿಸಿದರು.

ಅತ್ತಿಗೆಯದ್ದು ಅದೇ ರಾಗ. ಚಳಿ. ಜೋಮು. ಮಲಬದ್ಧತೆ. ಸ್ವರ ಗಂಡಸರ ಹಾಗೆ ದಪ್ಪ. ನಾಲ್ಕು ಕೆ.ಜಿ. ಏರಿದ್ದಾರೆ. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಕಟಪಾಡಿಯವರೆಗೆ ನಿದ್ರೆ.

"ಕಾವ್ಯ, ಹೂ ಕಟ್ಟುವ ಬಾಳೆನಾರು ಬೆರಳಿಗೆ ಸಿಕ್ಕುದಿಲ್ಲ. ಒಂದು ಚೆಂಡು ಮಲ್ಲಿಗೆ ಕಟ್ಟುವಾಗ ಕೈ ನನ್ನದೇ ಅಲ್ಲ ಅಂತ ಆಗ್ತದೆ."

"ರಿಪೋರ್ಟ್ ಸುಳ್ಳು ಹೇಳುದಿಲ್ಲ ಅತ್ತಿಗೆ. ಸ್ವಲ್ಪ ನಡೀರಿ, ಕೆಲಸ ಮಾಡಿ. ಎಲ್ಲ ಸರಿಯಾಗ್ತದೆ."

ಸೆರಗನ್ನು ಮೈತುಂಬ ಹೊದ್ದುಕೊಂಡು ಆಚೆ ತಿರುಗಿದರು ಅವರು. ನನಗೂ ನೆಮ್ಮದಿ ಆಯಿತು.

ಆಗಸ್ಟ್ 14

ಹಾರ್ಮೋನು ಹೆಚ್ಚಾದವರು ಬೆವರಬೇಕು, ಇಳಿಯಬೇಕು, ಎದೆ ಡವಗುಟ್ಟಬೇಕು. ಇವರು ಫ್ಯಾನ್ ಆಫ್ ಮಾಡಿಸುತ್ತಾರೆ. ಲ್ಯಾಬಿನಲ್ಲಿ ಸೀನಿಯರ್ ಆನ್ಸಿಲ್ಲಾ ಬಾಯಿ ಅದನ್ನೇ ಕೇಳಿದರು. "ನಂಬರ್ ಒಂದು ಹೇಳ್ತದೆ, ಜನ ಒಂದು ಹೇಳ್ತಾರೆ. ಬೇರೆ ಕಡೆ ಒಮ್ಮೆ ಮಾಡಿಸುವ, ಅಲ್ವಾ?"

ಮೆಷಿನ್ ಪರೀಕ್ಷಿಸುವ ಕಂಟ್ರೋಲ್ ಎಲ್ಲ ಸರಿ ಬಂದಿದೆ ಬಾಯಿ ಎಂದೆ. ಸ್ವಲ್ಪ ಚುರುಕಾಗಿಯೇ ಎಂದೆ. ನಾನು ರನ್ ಮಾಡಿದ ಟೆಸ್ಟನ್ನು ಬೇರೆ ಲ್ಯಾಬಿನಲ್ಲಿ ನೋಡಿಸಬೇಕಂತೆ.

ಸೆಪ್ಟೆಂಬರ್ 7, ಚೌತಿ

ಮನೆಯಲ್ಲಿ ಮುಖ ಕೊಟ್ಟು ಮಾತಿಲ್ಲ. ವರ್ಷದಲ್ಲಿ ಮಲ್ಲಿಗೆಗೆ ಇಷ್ಟು ಬೇಡಿಕೆ ಇರುವ ದಿನ ನಾಲ್ಕೋ ಐದೋ. ಇವತ್ತು ಅತ್ತಿಗೆ ಏಳಲೇ ಇಲ್ಲ. ಅಮ್ಮ ಕರೆದರು, ಅಣ್ಣ ಕರೆದ. ಎದ್ದು ಕೂತು ಮತ್ತೆ ಹಾಗೇ ವಾಲಿದರು. ಅಮ್ಮನಿಗೆ ಮಂಡಿ ನೋವು, ನನಗೆ ಬೆಳಗ್ಗಿನ ಡ್ಯೂಟಿ. ಬಿಸಿಲು ಬಂತು, ಕೊಯ್ಯುವವರಿಲ್ಲದೆ ನಮ್ಮ ಅರವತ್ತು ಮಲ್ಲಿಗೆ ಗಿಡದ ಮೊಗ್ಗೂ ಗಿಡದಲ್ಲೇ ಅರಳಿತು. ಅರಳಿದ್ದನ್ನು ಶಂಕರಪುರದ ಹೂ ಮಾರುವ ಕಟ್ಟೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಅಣ್ಣ ಉಡುಪಿ ಬಸ್ಸಿನ ಡ್ರೈವರ್. ಹೊರಡುವ ಮೊದಲು ಒಂದೇ ಮಾತು. "ಕಾಯಿಲೆ ಇದ್ದರೆ ಕಾಯಿಲೆ ಅಂತ ಗೊತ್ತಾಗಬೇಕು. ಇದೆಂತದು?"

ಅತ್ತಿಗೆ ತೋಟದ ಬದಿಯಲ್ಲಿ ಕೂತು ಆ ಬಿಳಿಯನ್ನೇ ನೋಡುತ್ತಿದ್ದರು. ಅಳುತ್ತಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟೇ ಬಂತು.

ಅಕ್ಟೋಬರ್ 5, ಶನಿವಾರ

ಗಿಡ ತೆಗೆಸಿ ಅಲ್ಲಿ ಶೆಡ್ ಹಾಕುತ್ತಾನಂತೆ ಅಣ್ಣ. ಅತ್ತಿಗೆಯನ್ನು ಸ್ವಲ್ಪ ಸಮಯ ಕಾರ್ಕಳಕ್ಕೆ, ತವರಿಗೆ, ಕಳುಹಿಸುವ ಮಾತನ್ನು ಅಮ್ಮ ತೆಗೆದಿದ್ದಾರೆ. ಕಾಫಿ ಕುಡಿಯುತ್ತಾ ಅಣ್ಣ ನನ್ನನ್ನು ಕೇಳಿದ.

"ನೀನು ಕಲಿತವಳು. ಸರಿ ಹೇಳು. ಅವಳಿಗೆ ಎಂತಾದ್ರೂ ಉಂಟಾ?"

"ಇಲ್ಲ ಅಣ್ಣ. ಮಾತ್ರೆಯೇ ಜಾಸ್ತಿ ಆದದ್ದು ಅಂತ ರಿಪೋರ್ಟ್ ಹೇಳ್ತದೆ. ಉಳಿದದ್ದು ಉದಾಸೀನ, ಸೋಮಾರಿತನ."

ಅತ್ತಿಗೆ ಒಳಗೆ ಪಾತ್ರೆ ತೊಳೆಯುತ್ತಿದ್ದರು. ನಲ್ಲಿಯ ಸದ್ದು ಮಧ್ಯದಲ್ಲಿ ನಿಂತಿತ್ತು. ಕೇಳಿಸಿರಬಹುದು.

ಅಕ್ಟೋಬರ್ 19, ಶನಿವಾರ, ಸಂಜೆ

ಮಣಿಪಾಲದಲ್ಲಿ ಮೆಷಿನ್ ಕಂಪನಿಯವರ ಟ್ರೈನಿಂಗ್. ಹೋಟೆಲ್, ಏಸಿ, ಬಫೆ ಊಟ. ಖುಷಿಯಲ್ಲೇ ಹೋದದ್ದು. ಹನ್ನೊಂದೂವರೆಗೆ ಒಂದು ಸ್ಲೈಡ್. ಬಯೋಟಿನ್. ಕೂದಲು, ಉಗುರಿನ ವಿಟಮಿನ್ನಿನಲ್ಲಿ ಇರುವುದು. ಹೆಚ್ಚಿನ ಡೋಸ್ ತೆಗೆದುಕೊಳ್ಳುವವರ ರಕ್ತದಲ್ಲಿ, ನಮ್ಮಂಥ ಮೆಷಿನ್ನು ಟಿಎಸ್‌ಎಚ್ಚನ್ನು ಇದ್ದುದಕ್ಕಿಂತ ಕಡಿಮೆ ತೋರಿಸಬಹುದು, ಟಿ-ಫೋರನ್ನು ಹೆಚ್ಚು. ಟೆಸ್ಟಿಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಬೇಕು. ರಕ್ತ ತೆಗೆಯುವವರು ಕೇಳಬೇಕು.

ರಕ್ತ ತೆಗೆಯುವವರು. ನಾನು.

ಟೆಸ್ಟ್ ಕಿಟ್ಟಿನ ಒಳಗಿನ ಮಡಚಿದ ಕಾಗದದಲ್ಲಿ ಇದೆಲ್ಲ ಇದೆಯಂತೆ. ಮೂರು ವರ್ಷದಿಂದ ವಾರಕ್ಕೊಂದು ಕಿಟ್ ಒಡೆಯುತ್ತಿದ್ದೇನೆ. ಆ ಕಾಗದವನ್ನು ಟೇಬಲ್ ಅಲ್ಲಾಡದಂತೆ ಕಾಲಿನ ಕೆಳಗೆ ಇಟ್ಟದ್ದುಂಟು.

ಊಟ ಮಾಡಲಿಲ್ಲ. ಜೊತೆಗೆ ಬಂದಿದ್ದ ಆನ್ಸಿಲ್ಲಾ ಬಾಯಿ ಕೇಳಿದರು, ಎಂತ ಆಯ್ತು ಮಾರಾಯ್ತಿ, ಮುಖ ಬಿಳಿಚಿದೆ ಎಂದು. ಹೇಳಲಿಲ್ಲ. ಆಗಸ್ಟಿನಲ್ಲಿ ಅವರಿಗೆ ಕೊಟ್ಟ ಉತ್ತರ ನೆನಪಾಗಿ ಅವರ ಮುಖ ನೋಡಲು ಆಗಲಿಲ್ಲ.

ಅಕ್ಟೋಬರ್ 20, ಭಾನುವಾರ

ಬಾಟಲಿ ನೋಡಿದೆ. ಹತ್ತು ಸಾವಿರ ಮೈಕ್ರೋಗ್ರಾಂ. ಬಯೋಟಿನ್ ಎಂದು ದೊಡ್ಡ ಅಕ್ಷರದಲ್ಲೇ ಇದೆ. ಮೂರನೆಯ ಬಾಟಲಿಯೂ ಅರ್ಧ ಮುಗಿದಿದೆ.

ಅಂದರೆ ಅತ್ತಿಗೆಗೆ ಹಾರ್ಮೋನು ಯಾವತ್ತೂ ಹೆಚ್ಚಾಗಿರಲಿಲ್ಲ. ಮಾರ್ಚಿನಲ್ಲಿ ಸರಿಯಾಗಿತ್ತು. ಸರಿ ಇದ್ದ ಮಾತ್ರೆಯನ್ನು ಎರಡು ಸಲ ಇಳಿಸಿದ್ದಾಯಿತು. ಡಾಕ್ಟರ್ ಕೇಳಿದ್ದರು. ಇಲ್ಲ ಎಂದದ್ದು ನಾನು. ವಿಟಮಿನ್ ಮಾತ್ರೆಯಲ್ಲ ಎಂದು ಯಾರು ಕಲಿಸಿದರು ನನಗೆ...

ಅತ್ತಿಗೆಯ ಹತ್ತಿರ ಈ ಬಾಟಲಿಯದ್ದು ಡೇಟ್ ಮುಗಿದಿದೆ, ತಿನ್ನಬೇಡಿ ಎಂದೆ. ಇನ್ನೊಂದು ಸುಳ್ಳು. ಒಳ್ಳೆಯದಾಯ್ತು ನೋಡಿದ್ದು ಎಂದರು ಅವರು.

ಅಕ್ಟೋಬರ್ 24, ಗುರುವಾರ

ಅತ್ತಿಗೆಯ ಟಿಎಸ್‌ಎಚ್ 46.2.

ಇನ್ನೊಮ್ಮೆ ರನ್ ಮಾಡಿದೆ. 45.9.

ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಈಗಲಾದರೂ ಗೊತ್ತಾಯಿತಲ್ಲ ಎಂದರು. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ 75. ಆರು ವಾರ ಬಿಟ್ಟು ಟೆಸ್ಟ್. ನಂಬರ್ ಸರಿಯಾದ ಮೇಲೂ ಮೈ ಸರಿಯಾಗಲು ತಿಂಗಳುಗಟ್ಟಲೆ ಹಿಡಿಯಬಹುದು, ಮನೆಯವರಿಗೆ ಹೇಳಿ, ಅವಸರ ಮಾಡಿಸಬೇಡಿ ಎಂದರು.

ಮನೆಯವರಿಗೆ ಹೇಳಲಿಲ್ಲ. ಮಾತ್ರೆ ಸ್ವಲ್ಪ ಬದಲಾಗಿದೆ ಅಂತ ಮಾತ್ರ ಅತ್ತಿಗೆಗೆ ಹೇಳಿದೆ. ರಿಪೋರ್ಟ್ ನನ್ನ ಬ್ಯಾಗಿನಲ್ಲೇ ಉಂಟು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೆಲ್ಲಗೆ ಸರಿಯಾಗುತ್ತಾರೆ, ಉದಾಸೀನ ಬಿಟ್ಟಳು ಎಂದುಕೊಳ್ಳುತ್ತಾರೆ ಎಲ್ಲರೂ. ಹೀಗೂ ಯೋಚನೆ ಬಂತು. ನಾಚಿಕೆಯಾಗುತ್ತದೆ ಬರೆಯಲು. ಆದರೂ ಬಂತು.

ನವೆಂಬರ್ 1, ಶುಕ್ರವಾರ

ದೀಪಾವಳಿ. ಅಡಿಗೆಮನೆಯಲ್ಲಿ ಅಮ್ಮ ದೋಸೆ ಹೊಯ್ಯುತ್ತಿದ್ದರು. ಬಾಗಿಲ ಹೊರಗೆ ನಾನಿದ್ದದ್ದು ಅತ್ತಿಗೆಗೆ ಗೊತ್ತಿಲ್ಲ.

"ಅತ್ತೆ, ನನ್ನಿಂದ ತಪ್ಪಾಯ್ತು. ಕಾವ್ಯ ಹೇಳಿದ್ದು ಸರಿ. ಮೈ ಬಗ್ಗಿಸ್ಲಿಕ್ಕೆ ನನಗೇ ಮನಸ್ಸಿಲ್ಲ ಅಂತ ಕಾಣ್ತದೆ. ಕಾರ್ಕಳಕ್ಕೆ ಕಳಿಸ್ಬೇಡಿ. ನಾನು ಸರಿ ಆಗ್ತೇನೆ."

ಅಮ್ಮ ಏನೋ ಹೇಳಿದರು, ಒಳ್ಳೆಯ ಮಾತೇ. ದೋಸೆ ಮಗುಚಿದರು. ಆ ಹೆಂಗಸು ಮಾಡದ ತಪ್ಪಿಗೆ ಕ್ಷಮೆ ಕೇಳುತ್ತಿದ್ದಾಳೆ, ನಾನು ಗೋಡೆಗೆ ಅಂಟಿ ನಿಂತಿದ್ದೇನೆ. ಒಳಗೆ ಹೋಗಲು ನಾಲ್ಕು ಹೆಜ್ಜೆ. ಹೋಗಲಿಲ್ಲ. ನನ್ನಷ್ಟು ಹೇಡಿ ಈ ಮನೆಯಲ್ಲಿ ಇನ್ನೊಬ್ಬರಿಲ್ಲ.

ಶೆಡ್ಡಿಗೆ ನೆಲ ಸಮ ಮಾಡಲು ಬುಧವಾರ ಜೆಸಿಬಿ ಬರುತ್ತದೆ.

ನವೆಂಬರ್ 3, ಭಾನುವಾರ

ಹೇಳಿದೆ. ಬೆಳಿಗ್ಗೆ ಆರೂವರೆಗೆ, ತೋಟದಲ್ಲಿ. ಅತ್ತಿಗೆ ಕಷ್ಟದಲ್ಲಿ ಒಂದೊಂದೇ ಮೊಗ್ಗು ಕೊಯ್ಯುತ್ತಿದ್ದರು. ಹೇಗಿದ್ದರೂ ಬುಧವಾರಕ್ಕೆ ಹೋಗುವ ಗಿಡ, ಆದರೂ ಕೊಯ್ಯುತ್ತಿದ್ದರು. ನಾನೂ ಕೊಯ್ಯುತ್ತಾ ಹೇಳಿದೆ. ಬಾಟಲಿ, ಡಾಕ್ಟರಿಗೆ ಹೇಳಿದ ಇಲ್ಲ, ಟ್ರೈನಿಂಗ್, 46, ಡೇಟ್ ಮುಗಿದಿದೆ ಎಂದ ಸುಳ್ಳು. ಎಲ್ಲ. ರಿಪೋರ್ಟ್ ತೋರಿಸಿದೆ. ಓದಲಿಲ್ಲ, ಕೈಯಲ್ಲಿ ಹಿಡಿದುಕೊಂಡರು.

"ಹಾಗಾದ್ರೆ ನನಗೆ ಉದಾಸೀನ ಅಲ್ಲ?"

"ಅಲ್ಲ ಅತ್ತಿಗೆ."

ಗಿಡದ ಬುಡದಲ್ಲೇ ಕೂತುಬಿಟ್ಟರು. ನಾನೂ ಕೂತೆ. ಕಾಲು ಹಿಡಿಯಬೇಕೆಂದು ಮಾಡಿದೆ, ಬಿಡಲಿಲ್ಲ.

"ಬಾಟ್ಲಿಗೆ ನನಗೆ ಬೇಜಾರಿಲ್ಲ ಕಾವ್ಯ. ನನ್ನ ಕೂದಲಿಗೆ ಅಂತ ನೀನು ಪ್ರೀತಿಯಲ್ಲಿ ಕೊಟ್ಟದ್ದು. ಅದು ಹೀಗೆ ಮಾಡ್ತದೆ ಅಂತ ಯಾರಿಗೆ ಗೊತ್ತುಂಟು?"

ಮತ್ತೆ, ನನ್ನ ಕಡೆ ನೋಡದೆ –

"ನಾನು ಈ ಮನೆಗೆ ಬಂದು ಹನ್ನೊಂದು ವರ್ಷ ಆಯ್ತು. ಒಂದು ದಿನ ಬೆಳಕಾದ ಮೇಲೆ ಎದ್ದದ್ದುಂಟಾ? ಚಳಿ ಆಗ್ತದೆ ಅಂತ ಹೇಳಿದೆ. ಕೈ ಬರುದಿಲ್ಲ ಅಂತ ಹೇಳಿದೆ. ನಿನ್ನ ಹತ್ರವೇ ಎಷ್ಟು ಸಲ ಹೇಳಿದೆ. ನೀನು ಮೆಷಿನ್ನನ್ನು ನಂಬಿದಿ."

ನಂಬರಿನ ತಪ್ಪಿಗೆ ಸಾವಿರ ಕಾರಣ ಹೇಳಬಹುದು, ಇದಕ್ಕೆ ಒಂದೂ ಇಲ್ಲ.

ಅಣ್ಣನಿಗೂ ಅಮ್ಮನಿಗೂ ನೀವೇ ಹೇಳುತ್ತೀರಾ ಎಂದು ಕೇಳಿದೆ. ಕೇಳಬಾರದಿತ್ತು.

"ನಾನು ಹೇಳಿದ್ರೆ ಯಾರು ನಂಬ್ತಾರೆ? ನೀನೇ ಹೇಳು."

ರಿಪೋರ್ಟನ್ನು ಮಡಚಿ ನನಗೇ ಕೊಟ್ಟು, ಮತ್ತೆ ಮೊಗ್ಗಿಗೆ ಕೈ ಹಾಕಿದರು.

ನವೆಂಬರ್ 5, ಮಂಗಳವಾರ, ಸಂಜೆ 6.40

ನಿನ್ನೆ ಹೇಳಲಿಲ್ಲ. ಅಣ್ಣ ಸುಸ್ತಾಗಿ ಬಂದಿದ್ದ, ಊಟ ಮಾಡಿ ಮಲಗಿದ. ನೆಪ ಹುಡುಕುವುದರಲ್ಲಿ ನಾನು ಜೋರು.

ಇವತ್ತು ಹೇಳದಿದ್ದರೆ ನಾಳೆ ಎಂಟಕ್ಕೆ ಜೆಸಿಬಿ. ಅತ್ತಿಗೆ ನಿನ್ನೆಯಿಂದ ನನ್ನ ಹತ್ತಿರ ಮಾತನಾಡಿಲ್ಲ. ಸಿಟ್ಟಲ್ಲ, ಕಾಯುತ್ತಿದ್ದಾರೆ. ಚಹಾ ತಂದಿಟ್ಟು ಹೋದರು, ಕಪ್ಪು ಹಿಡಿದ ಬೆರಳು ಇನ್ನೂ ಊದಿಕೊಂಡೇ ಉಂಟು.

ಮಾತು ಜೋಡಿಸಿ ನೋಡುತ್ತಿದ್ದೇನೆ. ಬಯೋಟಿನ್ ಎಂದರೆ ಅಣ್ಣನಿಗೆ ತಲೆಬುಡ ಗೊತ್ತಾಗುವುದಿಲ್ಲ. ಗೊತ್ತಾಗುವುದಿಲ್ಲವೆಂದೇ ಅಲ್ಲಿಂದ ಶುರು ಮಾಡಲು ನನಗೆ ಆಸೆ. ಕಿಟ್, ಕಂಪನಿ, ಕಾಗದ, ಟ್ರೈನಿಂಗ್ – ಅಷ್ಟು ಹೇಳುವುದರೊಳಗೆ ನನ್ನ ಪಾಲು ಎಲ್ಲೋ ಮುಚ್ಚಿ ಹೋಗುತ್ತದೆ. ಹಾಗೆ ಮಾಡುವುದಿಲ್ಲ. ರಿಪೋರ್ಟಿನಿಂದಲೂ ಶುರು ಮಾಡುವುದಿಲ್ಲ.

ಅಣ್ಣ ಬಂದ. ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾನೆ. ಅಮ್ಮನೂ ಚಾವಡಿಯಲ್ಲೇ ಇದ್ದಾರೆ. ಇಬ್ಬರೂ ಒಟ್ಟಿಗೆ ಸಿಕ್ಕಿದ್ದಾರೆ.

ಮೊದಲ ಮಾತು ಇಷ್ಟೇ. ಅಣ್ಣ, ಅತ್ತಿಗೆ ಆವತ್ತಿನಿಂದ ಹೇಳಿದ್ದೆಲ್ಲ ನಿಜ. ಅವರಿಗೆ ಎಂತದೂ ಇಲ್ಲ ಅಂತ ನಿನ್ನ ಹತ್ತಿರ ಹೇಳಿದವಳು ನಾನು. ಪುಸ್ತಕ ಮುಚ್ಚಿ ಚಾವಡಿಗೆ ಹೋಗುತ್ತೇನೆ.